ಅಪ್ಪನ ಕುರ್ಚಿಗೆ ನಾಲ್ಕು ಕೈ ಎಣ್ಣೆ

ಹಿತ್ತಲ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದೆ. ಈ ಸಲ ಕಾಳಿಗಿಂತ ಹರಳೇ ಹೆಚ್ಚು ಎಂದು ಗೊಣಗುತ್ತಿರುವಾಗ ಪಕ್ಕದ ಮನೆಯ ಅಕ್ಕಾರು ಕಂಪೌಂಡ್ ಗೋಡೆಯ ಮೇಲೆ ಮುಖ ತೋರಿಸಿ, "ನಿಮಗ ಫೋನ್ ಬಂದಿತ್ತು" ಅಂದರು.

ತೊಂಬತ್ತರ ದಶಕದ ಕೊನೆ ಅದು. ವಿದ್ಯಾನಗರದ ನಮ್ಮ ಓಣಿಯಲ್ಲಿ ಫೋನು ಇದ್ದದ್ದು ಅವರೊಬ್ಬರ ಮನೆಯಲ್ಲಿ. ಹೀಗಾಗಿ ಓಣಿಯ ಹುಟ್ಟು, ಸಾವು, ಪಾಸು, ನಾಪಾಸು ಎಲ್ಲವೂ ಮೊದಲು ಅವರಿಗೆ ತಿಳಿದು ಆಮೇಲೆ ಸಂಬಂಧಪಟ್ಟವರಿಗೆ ತಿಳಿಯುತ್ತಿತ್ತು. ಒಳ್ಳೆಯ ಹೆಂಗಸು. ಆದರೆ ಸುದ್ದಿಯನ್ನು ಒಮ್ಮೆಗೇ ಬಡಿಸುವವರಲ್ಲ.

"ಯಾರದಿತ್ರಿ?"

"ಮಠದಿಂದ ಬಂದಿತ್ತು."

"ಏನಂದ್ರು?"

"ಜೋಳ ಮುಗಸ್ರಿ, ಹೇಳತೇನಿ."

"ಅಕ್ಕಾರ, ಹೇಳ್ರಿ."

"ಅಜ್ಜಾರು ಸೋಮವಾರ ಮುಂಜಾನೆ ಒಂಬತ್ತಕ್ಕ ನಿಮ್ಮನೀಗೆ ಪಾದಪೂಜಾಕ್ಕ ಬರತಾರಂತ."

ಅಂದು ಶನಿವಾರ. ನಾನು ಮೊರವನ್ನು ಕೆಳಗಿಟ್ಟೆ. ಕೈಯಿಂದ ಬೀಳಲಿಲ್ಲ, ಅದೊಂದು ದೇವರ ದಯೆ. ಬಿದ್ದಿದ್ದರೆ ಅಷ್ಟೂ ಜೋಳವನ್ನು ಮತ್ತೆ ಆರಿಸಬೇಕಿತ್ತು.

ಅಜ್ಜಾರು ಅಂದರೆ ನಮ್ಮ ಮಠದ ಹಿರಿಯ ಸ್ವಾಮಿಗಳು. ನನ್ನ ತವರಿಗೂ ಗಂಡನ ಮನೆಗೂ ಅದೇ ಮಠ. ಶಿರಗುಪ್ಪಿಯಲ್ಲಿ ಸಾಲಿ ಮಾಸ್ತರನಾಗಿದ್ದ ನನ್ನ ಅಪ್ಪ ಅವರನ್ನು ಪಾದಪೂಜೆಗೆ ಕರೆಯುತ್ತಲೇ ಬದುಕು ಕಳೆದ. ಒಮ್ಮೆ ಮಳೆ ಬಂತು, ಒಮ್ಮೆ ಅಜ್ಜಾರಿಗೆ ಜ್ವರ ಬಂತು, ಒಮ್ಮೆ ಹೊರಟ ಜೀಪು ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತು. ಕೊನೆಗೆ ಅಪ್ಪನೇ ಹೋಗಿಬಿಟ್ಟ. ಅವನು ದಿನಾ ಕೂರುತ್ತಿದ್ದ ಸಾಗವಾನಿಯ ಕೈಕುರ್ಚಿಯೊಂದನ್ನೇ ನಾನು ಅಣ್ಣಂದಿರ ಹತ್ತಿರ ಕೇಳಿ ಪಡೆದಿದ್ದೆ. ಬಸ್ಸಿನ ತಲೆಯ ಮೇಲೆ ಹುಬ್ಬಳ್ಳಿಗೆ ಬಂದ ಆ ಕುರ್ಚಿ ನಮ್ಮ ಹಿಂದಿನ ಪಡಸಾಲೆ ಸೇರಿ, ಹದಿನೈದು ವರ್ಷ ಉಳ್ಳಾಗಡ್ಡಿ ಚೀಲವನ್ನು ಹೊತ್ತುಕೊಂಡು ನಿಂತಿತ್ತು. ಅತ್ತೆ ಅದನ್ನು ಕುರ್ಚಿ ಅನ್ನುತ್ತಿರಲಿಲ್ಲ, "ಆ ಕಟಗಿ" ಅನ್ನುತ್ತಿದ್ದರು.

ಸಂಜೆ ಅಮರಗೋಳದ ಮಾರ್ಕೆಟ್ ಯಾರ್ಡಿನಿಂದ ನಮ್ಮವರು ಬಂದ ಮೇಲೆ ಸಭೆ ಕೂಡಿತು. ಅಜ್ಜಾರು ಕೂರುವುದೆಲ್ಲಿ? ಮನೆಯಲ್ಲಿದ್ದವು ಎರಡು ಮಡಿಚುವ ಕುರ್ಚಿ, ಒಂದು ಹಸಿರು ಪ್ಲಾಸ್ಟಿಕ್ಕಿನದು.

"ಶಾಮಿಯಾನದವರ ಹಂತ್ಯಾಕ ಕೆಂಪು ಮಖಮಲ್ಲಿನ ಕುರ್ಚಿ ಐತಿ, ಕೈಗೆ ಸಿಂಹದ ಮಾರಿ ಅದಾವ. ತರಸೋಣ" ಅಂದರು ನಮ್ಮವರು.

"ನಮ್ಮಪ್ಪನ ಕುರ್ಚಿ ಐತಲ್ರೀ" ಅಂದೆ ನಾನು.

ಅತ್ತೆ ನನ್ನನ್ನು ನೋಡಿದರು. "ಅದರಾಗ ಉಳ್ಳಾಗಡ್ಡಿ ಕುಂತಾವ."

"ಎಬ್ಬಸ್ತೇನ್ರಿ."

"ಎಬ್ಬಸು. ನಾಡದ ಮುಂಜಾನಿ ಒಳಗ ಅದು ಮಂದಿ ಕುಂದ್ರೂವಂಗ ಆದ್ರ ಇರಲಿ. ಇಲ್ಲಾಂದ್ರ ಮಖಮಲ್ಲು ಬರಲಿ, ಇದು ಬಂಬಿನ ಒಲಿಗೆ ಹೋಗಲಿ. ಎಷ್ಟ ವರ್ಸ ಅಂತ ಎಡವಿ ಬೀಳೂದು?"

ನೀರು ಕಾಯಿಸುವ ಒಲೆಗೆ ಅಪ್ಪನ ಕುರ್ಚಿ. ಅತ್ತೆ ಕೆಟ್ಟವರಲ್ಲ. ಆದರೆ ಆಡಿದ ಮಾತನ್ನು ಮಾಡುವವರು.

ಓಣಿಯ ತುದಿಯಲ್ಲಿ ಬಡಿಗತನ ಮಾಡುವ ಮುದುಕ ಕಾಕಾನನ್ನು ಕರೆತಂದೆ. ಅವನು ಕುರ್ಚಿಯನ್ನು ಬುಡಮೇಲು ಮಾಡಿ ಬಡಿದು ನೋಡಿದ, ಉಗುರಿನಿಂದ ಗೀಚಿ ಮೂಸಿದ. ನಮ್ಮವರು ಮಾಲೀಕರ ಧಾಟಿಯಲ್ಲಿ, "ಪೂರ್ತಿ ಕೆರದು ಹೊಸಾ ಪಾಲಿಶ್ ಹೊಡದುಬಿಡ್ರಿ" ಅಂದರು.

"ಒಂದೂವರಿ ದಿನದಾಗ ಕೆರದ್ರ ಅಜ್ಜಾರು ಹಸೀ ಪಾಲಿಶ್ ಮ್ಯಾಲ ಕುಂದ್ರಬೇಕಾಗತೈತಿ. ಇದಕ್ಕ ಜಡ್ಡಿಲ್ರಿ. ಜಳಕಾ ಇಲ್ಲ, ಅಷ್ಟ. ಹದಿನೈದು ವರ್ಸ ಜಳಕಾ ಮಾಡಸದ ಬಿಟ್ರ ನೀವರ ಹೆಂಗ ಕಾಣತೀರಿ?"

"ಅಂವ ಹಬ್ಬ ಬಿಟ್ಟು ದಿನಾಲೂ ಹಂಗ ಕಾಣತಾನ" ಅಂದರು ಅತ್ತೆ. ನಮ್ಮವರು ಏನೋ ನೆನಪಾದವರಂತೆ ಒಳಗೆ ಹೋದರು.

ಕೆರೆಯುವುದು ಬೇಡವೆಂದು ಕೇಳಿ ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಕುರ್ಚಿಯ ಬಲಗೈಯ ಮೇಲೆ ಅಪ್ಪನ ಮೊಣಕೈ ಊರಿ ಊರಿ ಒಂದು ತಗ್ಗು ಬಿದ್ದಿತ್ತು, ಸಣ್ಣ ಬಟ್ಟಲಿನ ತಳದಷ್ಟು. ಉಜ್ಜುಗೊರಡು ಆಡಿಸಿದರೆ ಅದು ಹೋಗಿಬಿಡುತ್ತಿತ್ತು.

ಕಾಕಾ ಅಲ್ಲಾಡುತ್ತಿದ್ದ ಕಾಲಿಗೆ ಅಂಟು ಸವರಿ, ತೆಳ್ಳನೆಯ ಚಕ್ಕೆಯೊಂದನ್ನು ಬಡಿದು, ಸೆಣಬಿನ ಹಗ್ಗದಿಂದ ಬಿಗಿದ. ಕಾಲು ಮುರಿದವರಿಗೆ ಪಟ್ಟಿ ಕಟ್ಟಿದ ಹಾಗೆ ಕಂಡಿತು. ಆಮೇಲೆ ನನಗೆ ಪಾಠ ಹೇಳಿದ. ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಗಟ್ಟಿಯಾಗಿ ಹಿಂಡಿ ಒರೆಸಬೇಕು, ಹಿಂದೆಯೇ ಒಣ ಬಟ್ಟೆ. ಗೀರುಗಳಿಗೆ ಒಣಕೊಬ್ಬರಿ ತಿಕ್ಕಬೇಕು. ಬಣ್ಣ ಹೋದ ಅಂಚುಗಳಿಗೆ ಕಡಕ್ ಚಹಾದ ಕಷಾಯ. ಬಿಸಿ ಚಹಾದ ಕಪ್ಪು ಇಟ್ಟಲ್ಲಿ ಎದ್ದ ಬಿಳಿ ಉಂಗುರಕ್ಕೆ ನುಣ್ಣನೆಯ ಬೂದಿಯಲ್ಲಿ ಎರಡು ಹನಿ ಎಣ್ಣೆ. ಎಲ್ಲ ಆದ ಮೇಲೆ ಅಗಸೆ ಎಣ್ಣೆ.

"ಇಡೀ ಕುರ್ಚೀಗೆ ಎರಡ ಚಮಚಾ, ಹೆಚ್ಚ ಬ್ಯಾಡ. ಹಚ್ಚಿ ತಾಸಿನ ಮ್ಯಾಲ ಒರಸಿ ಒರಸಿ ತಗೀರಿ, ಕೈಗೆ ಹತ್ತಬಾರದು. ಎಣ್ಣಿ ಕಟಗೀಗೆ ಔಷಧ ತಂಗಿ, ಊಟ ಅಲ್ಲ. ಮತ್ತ ಆ ಎಣ್ಣಿ ಅರಿವಿ ಮುದ್ದಿ ಮಾಡಿ ಮೂಲ್ಯಾಗ ಒಗೀಬ್ಯಾಡ್ರಿ. ಕಾವು ಏರಿ ತಾನಾ ಬೆಂಕಿ ಹತ್ತತೈತಿ. ಹಗ್ಗಕ್ಕ ಹರವಿ ಒಣಗಸ್ರಿ."

ಅರಿವೆಗೆ ತಾನಾಗಿಯೇ ಬೆಂಕಿ ಹತ್ತುತ್ತದೆ ಅನ್ನುವ ಮಾತು ಅತ್ತೆಗೆ ಬಹಳ ಹಿಡಿಸಿತು. ದೀಪ ಹಚ್ಚುವ ಹೊತ್ತಿಗೆ ಅರ್ಧ ಓಣಿಗೆ ಅದನ್ನು ಹೇಳಿ ಬಂದಿದ್ದರು.

ರವಿವಾರ ಬೆಳಗ್ಗೆ ಹಗ್ಗ ಬಿಚ್ಚಿದೆ. ಕಾಲು ಗಟ್ಟಿಯಾಗಿತ್ತು. ತೊಳೆದ ನೀರು ಮೊದಲು ಕರ್ರಗೆ, ಆಮೇಲೆ ಚಹಾದಂತೆ, ಆಮೇಲೆ ನೀರಿನಂತೆ ಇಳಿಯಿತು. ಕೊಳೆಯ ಕೆಳಗಿನಿಂದ ಹೊಸ ಬೆಲ್ಲದ ಬಣ್ಣ ಎದ್ದು ಬಂತು. ಗೀರುಗಳು ಕೊಬ್ಬರಿ ತಿಂದು ಸುಮ್ಮನಾದವು. ಉಳಿದದ್ದು ಕುರ್ಚಿಯ ಎಡಗೈ ಮೇಲಿನ ಬಿಳಿ ಉಂಗುರ. ನುಣ್ಣನೆಯ ಬೂದಿ ಎಲ್ಲಿಂದ ತರಲಿ? ಒಲೆಯ ಬೂದಿಯಲ್ಲಿ ಇದ್ದಿಲ ಚೂರು. ಮನೆಯಲ್ಲಿ ನುಣ್ಣನೆಯ ಬೂದಿ ಅಂದರೆ ಒಂದೇ, ದೇವರ ಜಗುಲಿಯ ಮೇಲಿನ ವಿಭೂತಿ. ಕೈ ಹೋಗಲಿಲ್ಲ. ಅತ್ತೆಯನ್ನು ಕೇಳಿದೆ.

ಅವರು ಬಂದು ಉಂಗುರವನ್ನು ಬಗ್ಗಿ ನೋಡಿದರು. "ಯಾರ ಕಪ್ಪಿನ ಕಲಿ ಅದು?"

"ನಮ್ಮಪ್ಪಂದ್ರಿ."

"ನಿಮ್ಮಪ್ಪ ದಿನಾ ವಿಭೂತಿ ಹಚಗೋತಿದ್ದಿಲ್ಲೋ?"

"ಎರಡೂ ಹೊತ್ತು ಹಚಗೋತಿದ್ದ ರೀ."

"ಮತ್ತ ಅಂವನ ಕಪ್ಪಿಗೂ ಹಚ್ಚು."

ಶಿವನಾಮ ಹೇಳುತ್ತ ಹೇಳುತ್ತ ತಿಕ್ಕಿದೆ. ನೂರೆಂಟು ಮುಗಿಯುವುದರೊಳಗೆ ಉಂಗುರ ಮಾಯವಾಗಿತ್ತು. ಮಧ್ಯಾಹ್ನ ಎರಡೇ ಎರಡು ಚಮಚೆ ಅಗಸೆ ಎಣ್ಣೆ ಸವರಿ, ತಾಸು ಬಿಟ್ಟು ಒರೆಸಿ, ಒರೆಸಲು ಹರಿದುಕೊಂಡಿದ್ದ ನನ್ನ ಹಳೆ ಪರಕಾರದ, ಅಂದರೆ ಲಂಗದ, ಚೂರನ್ನು ಹಿತ್ತಲ ಹಗ್ಗಕ್ಕೆ ಹರವಿದೆ. ಕುರ್ಚಿ ಹೊಸದಾಗಿ ಕಾಣಲಿಲ್ಲ. ಚೆನ್ನಾಗಿ ನಿದ್ದೆ ಮಾಡಿ ಎದ್ದವರ ಮುಖದ ಹಾಗೆ ಕಂಡಿತು. ನಾನು ಹೋಳಿಗೆಗೆ ಬೇಳೆ ಬೇಯಿಸಲು ಅಡುಗೆಮನೆಗೆ ಹೋದೆ. ಎಣ್ಣೆಯ ಬಾಟಲಿಯನ್ನು ಪಡಸಾಲೆಯ ಕಿಟಕಿಯಲ್ಲೇ ಬಿಟ್ಟಿದ್ದೆ. ತಪ್ಪಾದದ್ದು ಅಲ್ಲಿ.

ಸೋಮವಾರ ಬೆಳಗ್ಗೆ ಜಳಕ ಮುಗಿಸಿ ಹೂವಿಗೆಂದು ಹಿತ್ತಲಿಗೆ ಬಂದರೆ, ಹಗ್ಗದ ಮೇಲೆ ಎಣ್ಣೆ ಅರಿವೆ ನಾಲ್ಕು ಇದ್ದವು. ಒಂದು ನನ್ನ ಪರಕಾರದ್ದು. ಒಂದು ಅತ್ತೆಯ ಇಳಕಲ್ಲ ಸೀರೆಯ ಚೂರು. ಒಂದು ನಮ್ಮವರ ಬನಿಯನ್ನಿನ ತೋಳು. ಇನ್ನೊಂದು ಗುಲಾಬಿ ಹೂವಿನ ಪರದೆಯ ಬಟ್ಟೆ. ಅಂಥ ಪರದೆ ಇದ್ದದ್ದು ಪಕ್ಕದ ಮನೆಯಲ್ಲಿ ಮಾತ್ರ. ಯಾರೂ ಮುದ್ದೆ ಮಾಡಿ ಒಗೆದಿರಲಿಲ್ಲ. ಎಲ್ಲರೂ ಕಾಕಾನ ಮಾತು ನಡೆಸಿ ಸಾಲಾಗಿ ಹರವಿದ್ದರು.

ಒಳಗೆ ಓಡಿ ಕುರ್ಚಿಯ ಮೇಲೆ ಕೈ ಇಟ್ಟೆ. ಕೈ ಅಲ್ಲೇ ನಿಂತಿತು. ಎಳೆದರೆ ಹಲಸಿನ ತೊಳೆಯಿಂದ ಬಿಡಿಸಿಕೊಂಡ ಹಾಗೆ ಬಂತು.

"ಅತ್ತಿ, ನೀವು ಇದಕ್ಕ ಎಣ್ಣಿ ಹಚ್ಚೀರೇನ್ರಿ?"

"ಒಂದ ಕೈ ಹಚ್ಚೇನಿ. ಅಜ್ಜಾರ ಕುರ್ಚಿ ಸೇವಾ ನೀ ಒಬ್ಬಾಕೀನ ಮಾಡಿ ಪುಣ್ಯಾ ಕಟಗೋಬೇಕೇನು? ಎರಡ ಚಮಚಾ ಅಂತ ಎರಡ ಚಮಚಾ. ಕುರುಡ್ಗಿ ಸಂಡಗಿ ಕರಿಯಾಕೂ ಇದಕ್ಕಿಂತ ಹೆಚ್ಚ ಎಣ್ಣಿ ಬೇಕು."

ನಮ್ಮವರು ಮೀಸೆ ಕೆರೆದುಕೊಂಡರು. "ನಾನೂ ಸಂಜಿಮುಂದ ಬಂದು ಸ್ವಲ್ಪ… ನೀ ಕಡಿಮಿ ಹಚ್ಚಿದಂಗ ಕಾಣತು."

ಪಕ್ಕದ ಅಕ್ಕಾರು ಗೋಡೆಯ ಮೇಲಿನಿಂದಲೇ ಒಪ್ಪಿಕೊಂಡರು. "ಹೂ ಕೊಡಾಕ ಬಂದಿದ್ನಿ. ಬಾಟ್ಲಿ ಇತ್ತು, ಕುರ್ಚಿ ಇತ್ತು. ಫೋನ್ ಬಂದದ್ದು ನಮ್ಮನಿಗೇ ಅಲ್ರಿ, ನನಗೂ ಹಕ್ಕೈತಿ."

ಬೈಯುವ ಹಾಗೂ ಇಲ್ಲ. ಸೇವೆ ಮಾಡಿದವರನ್ನು ಬೈದರೆ ಆ ಪಾಪ ನನ್ನ ತಲೆಗೆ. ಹಚ್ಚುವ ಪುಣ್ಯವನ್ನು ಎಲ್ಲರೂ ಹಂಚಿಕೊಂಡಿದ್ದರು. ಒರೆಸಿ ತೆಗೆಯುವುದರಲ್ಲಿ ಪುಣ್ಯವಿದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಕಾಕಾನ ಮನೆಗೆ ಓಡಿ ಜಿಗುಟು ಬಿಡಿಸಲು ಅರ್ಧ ಬಾಟಲಿ ಟರ್ಪೆಂಟೈನ್ ತಂದೆ. ಅವನು ಮನೆಯಲ್ಲೇ ಇದ್ದ, ಅದೂ ಒಂದು ದಯೆ. ಅದರಲ್ಲಿ ಬಟ್ಟೆ ಅದ್ದಿ ಕುರ್ಚಿಯ ಕಾಲು ಒರೆಸಿದೆ, ಕೂರುವ ಹಲಗೆ ಒರೆಸಿದೆ, ಎರಡೂ ಕೈ ಒರೆಸಿದೆ. ಅಷ್ಟರಲ್ಲಿ ನಮ್ಮವರು, "ಇರಲಿ ಅಂತ ಹೇಳಿದ್ನಿ" ಎನ್ನುತ್ತ ಮಖಮಲ್ಲಿನ ಕುರ್ಚಿಯನ್ನೂ ತರಿಸಿ ಅಪ್ಪನ ಕುರ್ಚಿಯ ಪಕ್ಕಕ್ಕೆ ಇರಿಸಿದರು. ಸಿಂಹಗಳು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದವು. ಒರಗುವ ಬೆನ್ನಿನ ಹಲಗೆಗೆ ಕೈ ಹಾಕಬೇಕು ಅನ್ನುವಾಗ ಹೊರಗೆ ಜೀಪಿನ ಸದ್ದಾಯಿತು.

ಅಜ್ಜಾರಿಗೆ ಎಪ್ಪತ್ತು ದಾಟಿತ್ತು. ಮೆಲ್ಲಗೆ ಒಳಗೆ ಬಂದು ಎರಡೂ ಕುರ್ಚಿಗಳ ಮುಂದೆ ನಿಂತರು. ಅತ್ತೆಯ ಕಣ್ಣು ಕೆಂಪು ಕುರ್ಚಿಯ ಮೇಲೆ.

"ಇದು ಮದುವಿ ಗಂಡಿಂದು. ನನಗ ಆ ವಯಸ್ಸು ದಾಟೇತಿ" ಎಂದು ಅಜ್ಜಾರು ಅಪ್ಪನ ಕುರ್ಚಿಯಲ್ಲಿ ಕುಳಿತರು.

ಒರಗಬೇಡಿ ಎಂದು ಅವರಿಗೆ ಹೇಗೆ ಹೇಳುವುದು? ಗುರುಗಳಿಗೆ ಅಪ್ಪಣೆ ಕೊಡಲು ನಾವು ಯಾರು? ನಾನು ಅತ್ತೆಯನ್ನು ನೋಡಿದೆ, ಅತ್ತೆ ಮಗನನ್ನು ನೋಡಿದರು, ಅವರು ಪಕ್ಕದ ಅಕ್ಕಾರನ್ನು ನೋಡಿದರು. ಜನ್ಮದಲ್ಲಿ ಮೊದಲ ಸಲ ಅಕ್ಕಾರು ಬಾಯಿ ಬಿಡಲಿಲ್ಲ. ಪಾದ ತೊಳೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಆರತಿ ಎತ್ತುವವರೆಗೂ ಅಜ್ಜಾರು ಕಂಬದಂತೆ ನೆಟ್ಟಗೆ ಕುಳಿತಿದ್ದರು. ಹಾಲು ಕುಡಿದು, ಉಸ್ಸೆಂದು ಹಿಂದಕ್ಕೆ ಒರಗಿದರು.

ಆಮೇಲೆ ಎದ್ದರು. ಅವರು ಎದ್ದರು, ಹೆಗಲ ಕಾವಿ ಶಾಲು ಏಳಲಿಲ್ಲ. ಕುರ್ಚಿಯ ಬೆನ್ನಿಗೆ ಅಂಟಿ, ಒಣಗಲು ಹಾಕಿದ ಹಾಗೆ ಅಲ್ಲೇ ಉಳಿಯಿತು. ಅಜ್ಜಾರು ಹೊರಳಿ ನೋಡಿ, ಒಂದು ತುದಿ ಹಿಡಿದು ಎಳೆದರು. ಪರ್ರ್ ಎಂದಿತು.

"ಏನ್ ತಂಗಿ, ನಿಮ್ಮ ಕುರ್ಚಿ ನನ್ನ ಬಿಡವಲ್ದು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದು ಕೈ ಮುಗಿದರು. "ಆಕಿ ತಪ್ಪಿಲ್ರಿ ಅಜ್ಜಾರ. ನಾನೂ ಒಂದ ಕೈ ಎಣ್ಣಿ ಹಚ್ಚಿದ್ನಿ."

"ನಾನೂ ರೀ" ಅಂದರು ನಮ್ಮವರು.

"ನನ್ನದೂ ಒಂದ ಕೈ ಐತ್ರಿ" ಅಂದರು ಅಕ್ಕಾರು.

ಅಜ್ಜಾರು ಎಲ್ಲರನ್ನೂ ಒಮ್ಮೆ ನೋಡಿದರು. "ಮಠದಾಗ ನನ್ನ ಮೊಣಕಾಲಿಗೆ ಎಣ್ಣಿ ಹಚ್ಚಾಕ ಒಬ್ಬರೂ ಸಿಗೂದಿಲ್ಲ. ಕುರ್ಚೀಗೆ ನಾಲ್ಕ ಮಂದಿ." ಎಂದವರೇ ನಗತೊಡಗಿದರು. ನಗು ತಡೆಯದೆ ಮತ್ತೆ ಅದೇ ಕುರ್ಚಿಯಲ್ಲಿ ಕುಳಿತರು. ಬಲ ಮೊಣಕೈ ಊರಿದಾಗ ಅದು ಆ ತಗ್ಗಿನೊಳಗೆ ಸರಿಯಾಗಿ ಇಳಿಯಿತು. ನಗು ನಿಲ್ಲಿಸಿ, ಬೆರಳಿನಿಂದ ಸವರಿ ನೋಡಿದರು.

"ಇಲ್ಲಿ ಯಾರ ಕುಂದರತಿದ್ರು?"

"ನಮ್ಮಪ್ಪಾರಿ. ಶಿರಗುಪ್ಪಿ ಮಾಸ್ತರು."

"ಭಾಳ ಸಲ ಕರದಿದ್ದ. ನನಗ ಬರಾಕ ಆಗಲಿಲ್ಲ." ಮೊಣಕೈಯನ್ನು ಅಲ್ಲಿಂದ ತೆಗೆಯದೆ, "ಈಗ ಬಂದೇನಿ" ಅಂದರು. ನನಗಲ್ಲ, ಕುರ್ಚಿಗೆ ಹೇಳಿದ ಹಾಗಿತ್ತು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಸೆರಗಿಗೆ ಟರ್ಪೆಂಟೈನ್ ಹತ್ತಿದ್ದರಿಂದ ಕಣ್ಣು ಇನ್ನಷ್ಟು ಉರಿದು, ಎಲ್ಲರೂ ನನ್ನ ಭಕ್ತಿಯನ್ನು ಇದ್ದದ್ದಕ್ಕಿಂತ ಹೆಚ್ಚೆಂದು ತಿಳಿದರು.

ಅತ್ತೆ ಆಗಲೇ ಲೆಕ್ಕ ಹಾಕಿದ್ದರು. "ಇನ್ನ ಇದರಾಗ ಯಾರೂ ಕುಂದ್ರೂದಿಲ್ರಿ. ಜಗಲಿ ಬಾಜೂಕ ಇಟ್ಟು ಪೂಜಾ ಮಾಡತೇವಿ."

"ಹಂಗ ಮಾಡಬ್ಯಾಡ್ರಿ. ಕುಂದ್ರಾಕ ಮಾಡಿದ್ದು, ಕುಂದರ್ರಿ. ಮಾಸ್ತರ ಮಗಳು ಕುಂದರಲಿ" ಅಂದರು ಅಜ್ಜಾರು. ಕಲೆಯಾದ ಶಾಲನ್ನು ಮಡಿಚಿ ಬಗಲಲ್ಲಿ ಇಟ್ಟುಕೊಂಡು ಜೀಪು ಹತ್ತಿದರು.

ಮಂದಿಯೆಲ್ಲ ಉಂಡು ಹೋದ ಮೇಲೆ, ಮಖಮಲ್ಲಿನ ಸಿಂಹಗಳೂ ಹೋದ ಮೇಲೆ, ಅತ್ತೆ ನನ್ನ ಕೈಯಿಂದ ಕಸಬರಿಗೆ ಕಸಿದುಕೊಂಡರು.

"ಕುಂದ್ರು."

"ಕೆಲಸ ಅದಾವ್ರಿ ಅತ್ತಿ."

"ಅಜ್ಜಾರು ಹೇಳ್ಯಾರ. ಕುಂದ್ರು. ಒರಗಬ್ಯಾಡ ಮತ್ತ."

ಗಂಡನ ಮನೆಗೆ ಬಂದು ಹದಿನೆಂಟು ವರ್ಷಕ್ಕೆ ಮೊದಲ ಸಲ ಅತ್ತೆಯ ಎದುರು ಕುರ್ಚಿಯಲ್ಲಿ ಕುಳಿತೆ. ನೆಟ್ಟಗೆ, ಬೆನ್ನು ತಾಗದಂತೆ, ಮೊಣಕೈಯನ್ನು ಮಾತ್ರ ಅಪ್ಪನ ತಗ್ಗಿನಲ್ಲಿ ಊರಿ. ಅವರು ಎದುರಿಗೆ ನೆಲದ ಮೇಲೆ ಕುಳಿತು, ವ್ರತ ಮಾಡಿಸುವವರ ಹಾಗೆ ನನ್ನನ್ನೇ ನೋಡುತ್ತಿದ್ದರು. ಎರಡು ನಿಮಿಷ ಆಗಿತ್ತೋ ಇಲ್ಲವೋ, ಹಿತ್ತಲಲ್ಲಿ ನಳ ಬುಸ್ಸೆಂದು ಗಾಳಿ ಬಿಟ್ಟು ಗೊರಗೊರ ಸದ್ದು ಮಾಡಿತು. ನೀರು ಬಂದು ಐದು ದಿನವಾಗಿತ್ತು.

ನಾನು ಅತ್ತೆಯ ಮುಖ ನೋಡಿದೆ. ಅವರು ಒಂದು ಕ್ಷಣ ಗುರುವಾಕ್ಯವನ್ನೂ ನಳವನ್ನೂ ತೂಗಿ ನೋಡಿದರು.

"ಏಳು ಏಳು. ನಾಳೆ ಮತ್ತ ಕುಂದರೀಯಂತ."

ಎದ್ದು ಸೀರೆ ಎತ್ತಿ ಕಟ್ಟಿ, ನಳದ ಬಾಯಿಗೆ ಸೋಸುವ ಬಟ್ಟೆ ಬಿಗಿದು, ಮೊದಲ ಕೊಡ ಹಿಡಿದೆ.