ಅಳಿಯ ತುಂಬಿಸಿದ ಪೀಪಾಯಿ

ಹರ್ಮಿನ್ ವುಯೆ ಐವತ್ತು ವರ್ಷ ಮಾಡಿದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಮುಟ್ಟದೇ ಇರುವುದು. ಜೂರಾ ಬೆಟ್ಟದ ಬುಡದಲ್ಲಿ ಹಳದಿ ವೈನ್ ಮಾಡುವವರೆಲ್ಲ ಹೀಗೆಯೇ. ಪೀಪಾಯಿ ತುಂಬಿ, ಬಿರಡೆ ಜಡಿದು, ಆರು ವರ್ಷ ಮೂರು ತಿಂಗಳು ಕೈಕಟ್ಟಿ ಕೂರಬೇಕು. ವೈನ್ ಆರುತ್ತ ಇಳಿಯುತ್ತದೆ, ಮೇಲೆ ಹಾಲಿನ ಕೆನೆಯಂಥ ಪೊರೆ ಕಟ್ಟುತ್ತದೆ. ಅದಕ್ಕೆ ಮುಸುಕು ಎನ್ನುತ್ತಾರೆ. ಮುಸುಕು ಹರಿದರೆ ಅಷ್ಟು ವರ್ಷ ಕಾದದ್ದು ನೀರಿನಲ್ಲಿ ಹೋಮ. ಹರ್ಮಿನ್ ವಾರಕ್ಕೊಮ್ಮೆ ನೆಲಮಾಳಿಗೆಗೆ ಇಳಿದು ಪೀಪಾಯಿಗಳನ್ನು ತಟ್ಟಿ, ಮೇಲ್ಭಾಗ ಟೊಳ್ಳು ಸದ್ದು ಮಾಡಿದರೆ ಸಮಾಧಾನದಿಂದ ಹತ್ತಿ ಬರುತ್ತಿದ್ದಳು.

“ಏನ್ ಕೆಲ್ಸ ಆಯ್ತಮ್ಮಾ ಇವತ್ತು?” ಎಂದು ಬ್ರೆಡ್ ಅಂಗಡಿಯವನು ಛೇಡಿಸುತ್ತಿದ್ದ.

“ಏನೂ ಮಾಡ್ಲಿಲ್ಲ. ಚೆನ್ನಾಗಾಯ್ತು.”

ಮೂಲೆಯ ಪೀಪಾಯಿ ಅವಳ ಗಂಡ ಫಿರ್ಮಾಂ ತುಂಬಿದ ಕೊನೆಯದು. ಅದೇ ಚಳಿಗಾಲದಲ್ಲಿ ಅವನು ತೀರಿಕೊಂಡ. ಅದನ್ನು ಕುಡಿದೇ ಸಾಯುತ್ತೇನೆಂದು ಹರ್ಮಿನ್ ಹಟ ಹಿಡಿದಿದ್ದಳು. ಅವಳಿಗೆ ಎಪ್ಪತ್ತೆಂಟು, ಪೀಪಾಯಿಗೆ ಐದು. ಇನ್ನು ಹದಿನೈದು ತಿಂಗಳು ಇಬ್ಬರೂ ಸೋರದಿದ್ದರೆ ಸಾಕಿತ್ತು.

ಆಗಲೇ ಮಂಡಿಯ ಆಪರೇಷನ್ನಿಗೆಂದು ಮೂರು ವಾರ ಆಸ್ಪತ್ರೆ ಸೇರಬೇಕಾಯಿತು. ಮನೆ ನೋಡಿಕೊಂಡವನು ಹೊಸ ಅಳಿಯ ಲಾಂಬೇರ್. ಪಕ್ಕದ ವೈನ್ ಸೀಮೆ ಬರ್ಗಂಡಿಯವನು, ಆದರೂ ಒಳ್ಳೆಯವನು. ಅವನ ಊರಿನಲ್ಲಿ ಪೀಪಾಯಿ ಬೆರಳಷ್ಟು ತಗ್ಗಿದರೂ ತುಂಬಿಸಬೇಕು. ತುಂಬಿಸದವನನ್ನು ಸೋಮಾರಿ ಎನ್ನುತ್ತಾರೆ.

ಹರ್ಮಿನ್ ಆಸ್ಪತ್ರೆಯಿಂದ ಬಂದವಳೇ ಕೋಲೂರಿಕೊಂಡು ಕೆಳಗಿಳಿದು ಮೂಲೆಯ ಪೀಪಾಯಿಯನ್ನು ತಟ್ಟಿದಳು. ಮೇಲಿನಿಂದ ಕೆಳಗಿನತನಕ ಒಂದೇ ಗಟ್ಟಿ ಸದ್ದು.

“ಲಾಂಬೇರ್, ಇದೇನಪ್ಪಾ?”

“ಕಾಲು ಭಾಗ ಖಾಲಿಯಾಗಿತ್ತು ಅತ್ತೆ! ಮಂಡಿ ನೋವಲ್ಲಿ ನೀವು ನೋಡಿಲ್ಲ ಅನ್ಕೊಂಡೆ. ಹೋದ ವರ್ಷದ ವೈನು ನಾಲ್ಕು ಬಕೆಟ್ ಹಿಡೀತು. ಮಾವಂದು ಅಂತ ಇದನ್ನೇ ಮೊದ್ಲು ಮಾಡ್ದೆ. ಉಳಿದದ್ದು ನಾಳೆ.”

“ನಾಳೆ ಬೇಡ.”

ಅಳಿಯ ಮನೆ ತೊಳಿಯ ಎಂಬ ಗಾದೆಯಿದೆ. ಈ ಅಳಿಯ ತೊಳೆದಿರಲಿಲ್ಲ, ತುಂಬಿಸಿದ್ದ. ಪ್ರೀತಿಯಿಂದ ಮಾಡಿದ ಹಾಳನ್ನು ಯಾವ ಮಾತಿನಲ್ಲಿ ಬೈಯುವುದು? ಮೇಲಿಂದ ಸುರಿದ ವೈನಿಗೆ ಮುಸುಕು ಹರಿದುಹೋಗಿದೆ ಎಂದು ಹರ್ಮಿನ್ ವಿವರಿಸಿದಳು. ಲಾಂಬೇರ್ ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಸಿದ.

“ಬಕೆಟ್ ಬೇಕು, ಏಳು,” ಎಂದಳು ಅತ್ತೆ.

ನಾಲ್ಕು ಬಕೆಟ್ ವೈನ್ ಹೊರತೆಗೆದರು. ಮುಸುಕಿನ ಚೂರುಗಳು ಅದರಲ್ಲಿ ತೇಲುತ್ತಿದ್ದವು. ಪೀಪಾಯಿಯಲ್ಲಿ ಹೊಸ ಮುಸುಕು ಕಟ್ಟಬೇಕು, ಲೆಕ್ಕ ಮತ್ತೆ ಒಂದರಿಂದ. ಆರು ವರ್ಷ ಮೂರು ತಿಂಗಳು. ಎಪ್ಪತ್ತೆಂಟಕ್ಕೆ ಆರು ಕೂಡಿಸುವುದು ಹರ್ಮಿನ್‌ಗೆ ಕಷ್ಟವೇನಾಗಲಿಲ್ಲ.

ಅವಳು ಬಕೆಟ್ಟಿಗೆ ಲೋಟ ಅದ್ದಿ ಕುಡಿದಳು.

“ಹೇಗಿದೆ ಅತ್ತೆ?” ಲಾಂಬೇರ್ ನೆಲ ನೋಡುತ್ತ ಕೇಳಿದ.

“ಅರ್ಧಕ್ಕೇ ನಿಂತಿದೆ. ಅವ್ರೂ ಹಾಗೇ ಹೋದ್ರಲ್ಲ.”

ಐದು ವರ್ಷ ಅಳದಿದ್ದವಳು ಆಗ ಅತ್ತಳು. ಅತ್ತು ಮುಗಿಸಿ, ಮೂಗೊರೆಸಿಕೊಂಡು, ಲೋಟವನ್ನು ಅಳಿಯನ ಕಡೆ ಚಾಚಿದಳು.

“ಇನ್ನೊಂದಿಷ್ಟು ಹಾಕು. ನನ್ನ ಪಾಲು ಇವತ್ತೇ ಮುಗಿಸ್ತೀನಿ. ಪೀಪಾಯೀಲಿ ಉಳ್ದಿರೋದು ನಿಂದು.”