ಸೆನಾಯಿದಾ ಬಿಟ್ಟುಕೊಡದ ಕುರ್ಚಿ

ಸಾನ್ ಮಾತಿಯಾಸ್ ಎಂಬ ಊರಿನ ಸೆನಾಯಿದಾ ಮನೆಮನೆಯ ಬಾಲಯೇಸುವಿನ ಗೊಂಬೆಗಳಿಗೆ ಅಂಗಿ ಹೊಲಿದು ಬದುಕಿದವಳು. ಗೊಂಬೆಗೆ ಹೊಸ ಅಂಗಿ ತೊಡಿಸಿ ಇಗರ್ಜಿಗೆ ಒಯ್ಯುವ ಫೆಬ್ರವರಿಯ ಮೇಣದದೀಪದ ಹಬ್ಬ ಹತ್ತಿರ ಬಂತೆಂದರೆ ಅವಳ ಹಜಾರದ ತುಂಬ ಗೊಂಬೆಗಳು ಮಲಗಿರುತ್ತಿದ್ದವು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ತನ್ನವರೆಂದು ಇದ್ದದ್ದು ಮೈದುನ ಫಿದೆನ್ಸಿಯೊ, ಅವನ ಮಗಳು ಇತ್ಸೆಲ್. ಆ ಮಗುವಿನ ಜ್ಞಾನಸ್ನಾನಕ್ಕೆ ಧರ್ಮತಾಯಿಯಾಗಿ ನಿಂತವಳೂ ಇವಳೇ.

ಸಂಸತ್ತಿನ ಚುನಾವಣೆಗೆ ಇಷ್ಟು ಮಂದಿ ಹೆಂಗಸರನ್ನು ನಿಲ್ಲಿಸಲೇಬೇಕೆಂದು ಕಾನೂನಿತ್ತು. ನಿಂತ ಪ್ರತಿಯೊಬ್ಬರಿಗೂ ಒಬ್ಬ ಬದಲಿ. ಗೆದ್ದವರು ರಜೆ ಕೇಳಿದರೆ ಕುರ್ಚಿ ಆ ಬದಲಿಯವರ ಪಾಲಿಗೆ. ಗಂಡಸರು ಅದರಲ್ಲೇ ದಾರಿ ಕಂಡುಕೊಂಡರು. ಸೆನಾಯಿದಾಳ ಹೆಸರು ಮೇಲೆ, ಫಿದೆನ್ಸಿಯೊನ ಹೆಸರು ಕೆಳಗೆ. ಗೆದ್ದದ್ದೂ ಆಯಿತು.

“ಅತ್ತಿಗೆ, ನೀವು ಹೋಗಿ ಪ್ರಮಾಣ ಮಾಡಿ, ರಜಾ ಕೇಳಿ ಬಂದ್ಬಿಡಿ. ಪಾಪ, ಗೊಂಬೆಗಳು ಬೆತ್ತಲೆ ಮಲಗಿದಾವೆ,” ಎಂದ ಫಿದೆನ್ಸಿಯೊ. ಎಲ್ಲರೂ ನಕ್ಕರು. ಅವಳೂ ನಕ್ಕು ಹೂಂ ಅಂದಳು. ಅವಳು ಬಸ್ಸು ಹತ್ತಿದ ದಿನವೇ ಅವನು ಟರ್ಕಿ ಕೋಳಿ ಕೊಯ್ಸಿ, ಮೆಣಸಿನಕಾಯಿ ಅರೆದ ಮೋಲೆ ಸಾರು ಮಾಡಿಸಿ ಊರಿಗೆಲ್ಲ ಊಟ ಹಾಕಿದ. ಅವಳ ಜೊತೆಗೆ ಯಾರೂ ಹೋಗಲಿಲ್ಲ.

ಸಭೆಯಲ್ಲಿ ಎಲ್ಲರೊಂದಿಗೆ ಎದ್ದು ಪ್ರಮಾಣಕ್ಕೆ ಬಲಗೈ ಚಾಚಿದಳು. ತಪ್ಪಿ ನಡೆದರೆ ದೇಶ ನಮ್ಮನ್ನು ಕೇಳಲಿ ಎಂಬ ಮಾತು ಬಂದಾಗ ಚಾಚಿದ ಕೈಯನ್ನು ಇನ್ನೂ ನೇರ ಮಾಡಿದಳು. ಇತ್ಸೆಲ್‌ಳನ್ನು ಎತ್ತಿಕೊಂಡು ಪಾದ್ರಿಗೆ ಮಾತು ಕೊಟ್ಟದ್ದು ನೆನಪಾಯಿತು.

ಅಕ್ಕಪಕ್ಕದ ಹೆಂಗಸರು ಒಬ್ಬೊಬ್ಬರಾಗಿ ರಜೆ ಕೇಳಿ ಹೋದರು. ಆ ಜಾಗಗಳಲ್ಲಿ ಅವರ ಗಂಡಂದಿರು, ಅಣ್ಣಂದಿರು ಬಂದು ಕೂತರು. ಸೆನಾಯಿದಾ ಏಳಲಿಲ್ಲ. ಫಿದೆನ್ಸಿಯೊ ಫೋನಿನ ಮೇಲೆ ಫೋನು ಮಾಡಿದ.

“ಏನತ್ತಿಗೆ, ಕುರ್ಚಿ ಅಷ್ಟು ಮೆತ್ತಗಿದೆಯಾ?”

“ನಿನ್ನ ಮಗಳನ್ನ ಎತ್ಕೊಂಡು ಮಾತು ಕೊಟ್ನಲ್ಲಪ್ಪ, ಅವತ್ತು ಬದಲಿ ಕಳಿಸಿದ್ರೆ ಒಪ್ತಿದ್ಯಾ?”

“ಅದು ದೇವರ ಮುಂದೆ ಆಡಿದ್ದು.”

“ಇದು ಯಾರ ಮುಂದೆ ಆಡಿದ್ದು ಅಂತ ನಂಗೂ ಸರಿಯಾಗಿ ಗೊತ್ತಿಲ್ಲ. ಆಡಿದ್ದು ಮಾತ್ರ ನಾನೇ.”

ಅಲ್ಲಿಗೆ ಫೋನು ನಿಂತಿತು. ಊರಿನ ಗೊಂಬೆಗಳು ಪಕ್ಕದೂರಿನ ದರ್ಜಿಗೆ ಹೋದವು. ಪಕ್ಷದವರು ಅವಳಿಗೆ ಮಾತಾಡಲು ಸರದಿ ಕೊಡಲಿಲ್ಲ. ಮಧ್ಯಾಹ್ನ ಮೊಗಸಾಲೆಯ ಮೂಲೆಯಲ್ಲಿ ಒಬ್ಬಳೇ ಜೋಳದ ಸಿಪ್ಪೆ ಸುತ್ತಿದ ತಮಾಲೆ ಕಡುಬು ಬಿಚ್ಚಿ ತಿಂದು, ಕೈ ಒರೆಸಿಕೊಂಡು, ಮತ್ತೆ ಹೋಗಿ ಕೂತು, ಕೈ ಎತ್ತುವ ಕಡೆ ಎತ್ತಿ ಬರುತ್ತಿದ್ದಳು.

ಅವಧಿಯ ಕೊನೆಯ ವರ್ಷ ಇತ್ಸೆಲ್‌ಗೆ ಹದಿನೈದು ತುಂಬಿತು. ಹೆಣ್ಣುಮಕ್ಕಳಿಗೆ ಹದಿನೈದಾದಾಗ ಇಗರ್ಜಿಯಲ್ಲಿ ನಡೆಸುವ ಪೂಜೆಯಲ್ಲಿ ಹುಡುಗಿಯ ತಲೆಗೆ ಕಿರೀಟ ಇಡುವವಳು ಧರ್ಮತಾಯಿ. ಕರೆ ಬರಲಿಲ್ಲ. ಸೆನಾಯಿದಾ ಅಂದಾಜಿನ ಮೇಲೆ ಗುಲಾಬಿ ಬಣ್ಣದ ನಿಲುವಂಗಿ ಹೊಲಿದು, ಗಂಟು ಮಾಡಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಳು.

ಫಿದೆನ್ಸಿಯೊ ಇಗರ್ಜಿಯ ಬಾಗಿಲಲ್ಲೇ ನಿಂತಿದ್ದ. “ಬದಲಿ ಸಿಕ್ಕಿದ್ರು, ಅತ್ತಿಗೆ,” ಎಂದ. ದನಿ ಏರಿಸಲಿಲ್ಲ.

ಅವಳು ಕೊನೆಯ ಬೆಂಚಿನಲ್ಲಿ ಕೂತಳು. ಮುಂದೆ ಇನ್ಯಾರೋ ಹೆಂಗಸು ಕಿರೀಟ ಇಟ್ಟು, ಹುಡುಗಿಯನ್ನು ಕಾಯುವ ಮಾತು ಹೇಳಿದಳು. ಹಿಂದೆ ಸೆನಾಯಿದಾಳ ತುಟಿಯೂ ಅದನ್ನೇ ಹೇಳಿತು. ಊಟಕ್ಕೆ ನಿಲ್ಲದೆ, ಗಂಟು ಬಿಚ್ಚದೆ, ಸಂಜೆಯ ಬಸ್ಸು ಹಿಡಿದಳು.

ಈಗ ಹೆಣ್ಣಿಗೆ ಹೆಣ್ಣೇ ಬದಲಿ ಎಂದು ಕಾನೂನಾಗಿದೆ. ಸಭೆಯಲ್ಲಿ ಅರ್ಧಕ್ಕರ್ಧ ಹೆಂಗಸರು. ಅವಧಿ ಮುಗಿಸಿ ಊರಿಗೆ ಮರಳಿದ ಸೆನಾಯಿದಾ ಪ್ರಮಾಣದ ದಿನ ಟೀವಿ ಹಾಕಿಕೊಂಡು ಕೂರುತ್ತಾಳೆ. ಅವರೆಲ್ಲ ಕೈ ಚಾಚುವಾಗ ಖಾಲಿ ಹಜಾರದಲ್ಲಿ ಎದ್ದು ನಿಲ್ಲುತ್ತಾಳೆ. ನಿಲುವಂಗಿ ಇನ್ನೂ ಗಂಟಿನಲ್ಲೇ ಇದೆ. ಇತ್ಸೆಲ್ ಬಂದಿಲ್ಲ.