ಚಿಪ್ಪಕ್ಕ ತೋರಿಸಿದ ಜಾಗ

ಚಿಪ್ಪಕ್ಕನನ್ನು ಜನ್ಮದಲ್ಲಿ ಮೊದಲ ಸಲ ಕುರ್ಚಿ ಹಾಕಿ ಕೂರಿಸಿ ಮಾತಾಡಿಸಿದವರೇ ಅವಳ ಅನ್ನಕ್ಕೆ ಕಲ್ಲು ಹಾಕಿದರು. ಹಾಗೆ ಮಾಡಿದ್ದು ಅವರಿಗೇ ಗೊತ್ತಿಲ್ಲ ಎನ್ನುವುದು ಇನ್ನೂ ಹೊಟ್ಟೆ ಉರಿಸುವ ಸಂಗತಿ.

ನೀರು ಇಳಿದಾಗ ಅಳಿವೆಯ ಕೆಸರಿನಲ್ಲಿ ಮಂಡಿಯೂರಿ, ತೋಳು ಪೂರ್ತಿ ಇಳಿಬಿಟ್ಟು, ಬೆರಳ ತುದಿಯಲ್ಲೇ ಹುಡುಕಿ ಚಿಪ್ಪುಮೀನು ತೆಗೆದು ಮಾರುವುದು ಅವಳ ಕಸುಬು. ಹೆಸರೂ ಅದರಿಂದಲೇ ಬಂತು. ಗಂಡ ಇದ್ದಾಗಲೂ ಅಷ್ಟೆ, ಹೋದ ಮೇಲೂ ಅಷ್ಟೆ, ಅವಳು ಯಾರ ಮುಂದೆಯೂ ಕೈ ಚಾಚಿದವಳಲ್ಲ. ಕಣ್ಣು ಮುಚ್ಚಿ ಕೈ ಹಾಕಿದರೂ ಬುಟ್ಟಿ ತುಂಬುವ ಮೂಲೆಯೊಂದನ್ನು ಅತ್ತೆ ತೋರಿಸಿಕೊಟ್ಟಿದ್ದಳು. ಅದರ ಬಗ್ಗೆ ಅವಳು ಸ್ವಂತ ತಂಗಿಯ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಆಮೇಲೆ ಬಂದರು ಕಾರ್ಬನ್ ಕ್ರೆಡಿಟ್ಟಿನವರು. ಅಳಿವೆಯ ಉಪ್ಪುನೀರಿನಲ್ಲೇ ಬೇರೂರುವ ಕಾಂಡ್ಲಾ ಗಿಡ ನೆಟ್ಟು ಕಾಪಾಡಿದರೆ, ಅದು ಹೀರುವ ಹೊಗೆಯ ಲೆಕ್ಕಕ್ಕೆ ದೂರದ ಕಾರ್ಖಾನೆಗಳು ದುಡ್ಡು ಕೊಡುತ್ತವೆ, ಮನೆಮನೆಗೂ ಪಾಲು ಬರುತ್ತದೆ ಎಂದರು. ಎಲ್ಲೋ ಹೊಗೆ ಉಗುಳುವವನು ಇಲ್ಲಿಯ ಗಿಡಕ್ಕೆ ಸಂಬಳ ಕೊಟ್ಟು ಪಾಪ ತೊಳೆದುಕೊಳ್ಳುವುದು! ಊರು ನಕ್ಕಿತು, ಆದರೂ ಒಪ್ಪಿತು. ಆದರೆ ಮೊದಲು ನೆಟ್ಟ ಸಸಿಗಳೆಲ್ಲ ನೀರಿನ ಸೆಳೆತಕ್ಕೆ ಕೊಚ್ಚಿಹೋದವು.

"ಅಮ್ಮಾ, ಈ ಕೆಸರು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೇರು ಹಿಡಿಯೋ ಜಾಗ ನೀವೇ ತೋರಿಸ್ಬೇಕು," ಎಂದಳು ಅವರ ಮೇಲ್ವಿಚಾರಕಿ, ಚಿಪ್ಪಕ್ಕನನ್ನು ಕುರ್ಚಿ ಹಾಕಿ ಕೂರಿಸಿ.

ಚಿಪ್ಪಕ್ಕ ಉಬ್ಬಿಹೋದಳು. ಮೆತ್ತಗಿನ, ಸೆಳೆತ ತಾಗದ ಜಾಗ ಅವಳಿಗೆ ಗೊತ್ತಿದ್ದದ್ದು ಒಂದೇ, ಅತ್ತೆ ತೋರಿಸಿದ ಆ ಮೂಲೆ. ನಾಲ್ಕು ಗಿಡದ ಸಂದಿಯಲ್ಲಿ ನನ್ನ ಕೈ ಹೋಗದೇ ಇರುತ್ತದೆಯೇ ಅಂದುಕೊಂಡು, ಪೆದ್ದಿ, ಎಲ್ಲರನ್ನೂ ಮುಂದೆ ನಿಂತು ಕರೆದುಕೊಂಡು ಹೋದಳು.

ಗಿಡಗಳು ಹಠ ಹಿಡಿದು ಬೆಳೆದವು. ಬೇರುಗಳು ಚಾಪೆಯಂತೆ ಹೆಣೆದುಕೊಂಡು, ಕೈಯಿರಲಿ, ಬೆರಳೂ ಇಳಿಯದಾಯಿತು. ಒಂದು ಬೇರು ಮುರಿದರೂ ಇಡೀ ಊರಿನ ಪಾಲಿಗೆ ಕತ್ತರಿ ಎಂದು ಬೇಲಿಯೂ ಬಂತು. ಪಾಲೇನೋ ಬಂತು, ಸುಳ್ಳು ಹೇಳಬಾರದು. ಆದರೆ ಪಾಲಿನ ಪಟ್ಟಿಯಲ್ಲಿ ಮನೆಯ ಯಜಮಾನ ಅಂತ ಬರೆಸಿದ್ದು ಮಗನ ಹೆಸರು, ದುಡ್ಡೂ ಅವನ ಖಾತೆಗೇ ಬಂತು.

ಒಂದು ಬೆಳಿಗ್ಗೆ ಅವಳು ಮಗನ ಮುಂದೆ ಬಾಗಿಲಿಗೆ ಒರಗಿ ನಿಂತಳು.

"ಸ್ವಲ್ಪ ದುಡ್ಡು ಬೇಕಿತ್ತಪ್ಪ. ಚಪ್ಪಲಿ ಹರಿದುಹೋಗಿದೆ."

ಮಗ ಕೆಟ್ಟವನಲ್ಲ. ಕೇಳುವಾಗಲೇ ಜೇಬಿಗೆ ಕೈ ಹಾಕಿದ್ದ.

"ಕೊಡ್ತೀನಿ ಬಿಡಮ್ಮ. ಆದ್ರೂ ಮನೇಲೇ ಇರೋಳಿಗೆ ಚಪ್ಪಲಿ ಯಾಕೆ? ಎಲ್ಲಿಗೆ ಹೋಗೋದಿದೆ ನಿಂಗೆ?"

ಯಾರ ಮುಂದೆಯೂ ಚಾಚದಿದ್ದ ಕೈಯನ್ನು ಚಿಪ್ಪಕ್ಕ ದುಡ್ಡಿಗೆ ಚಾಚಿದಳು.